ಮಕ್ತಲ್ ‘ಮಕತಲ್’ ಆದಾಗ

ಜಾಲಪುಟ ತರುವ ಪ್ರೋಗ್ರಾಮುಗಳಲ್ಲಿ ನನಗೆ ಸುತರಾಂ ಒಪ್ಪಿಗೆಯಾಗದ ರೂಢಿ ಒಂದಿದೆ. ಎನ್‌ಕೋಡಿಂಗ್ ದೋಷ ಕಂಡೊಡನೆ ಪೈಥಾನ್‌ನ ಡಿಕೋಡ್ ಸಾಲಿಗೆ ‘ಇಗ್ನೋರ್’ ಸೇರಿಸಿ ಮುಂದಕ್ಕೆ ಹೋಗುವುದು. ದೋಷದ ಸಂದೇಶ ನಿಲ್ಲುತ್ತದೆ, ಕೆಲಸ ಸಾಗುತ್ತದೆ. ಓದಲು ಬಾರದ ಬೈಟುಗಳು ಮಾತ್ರ ಸದ್ದಿಲ್ಲದೆ ಕಸಕ್ಕೆ ಹೋಗಿರುತ್ತವೆ.

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಯ ಹೆಸರುಗಳನ್ನೇ ಇಟ್ಟು ಇದನ್ನು ಪರೀಕ್ಷಿಸಬೇಕು. ರಾಯಚೂರು, ಯಾದಗಿರಿಗೆ ಹತ್ತಿರದ ಈ ಗಡಿ ಭಾಗದಲ್ಲಿ ಕನ್ನಡ, ತೆಲುಗು ಎರಡೂ ಬಳಕೆಯಲ್ಲಿವೆ. ಯುಟಿಎಫ್-8ರಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ, ಗುಣಿತದ ಒಂದೊಂದು ಚಿಹ್ನೆಗೂ ಮೂರು ಬೈಟು. ಪುಟವನ್ನು 1024 ಬೈಟುಗಳ ತುಂಡು ಮಾಡಿ ತಂದು, ಪ್ರತಿ ತುಂಡನ್ನೂ ಬೇರೆಬೇರೆಯಾಗಿ ಡಿಕೋಡ್ ಮಾಡುವವರಿದ್ದಾರೆ. 1024 ಮೂರರಿಂದ ಭಾಗವಾಗುವುದಿಲ್ಲ. ಅಂಚಿನಲ್ಲಿ ಅಕ್ಷರ ಸೀಳಿಹೋಗುತ್ತದೆ. ಮಕ್ತಲ್‌ನ ಕಕಾರದ ಮೇಲಿನ ಅರ್ಧಾಕ್ಷರ ಚಿಹ್ನೆ ಆ ಅಂಚಿಗೆ ಸಿಕ್ಕಿತೆನ್ನಿ. ‘ಇಗ್ನೋರ್’ ಅದರ ಎರಡೂ ಚೂರು ಅಳಿಸುತ್ತದೆ, ಪಠ್ಯದಲ್ಲಿ ‘ಮಕತಲ್’ ಉಳಿಯುತ್ತದೆ. ಗದ್ವಾಲ್ ‘ಗದವಾಲ್’ ಆಗುತ್ತದೆ. ಇವೂ ಊರ ಹೆಸರಿನಂತೆಯೇ ಕಾಣುವುದರಿಂದ ಯಾರಿಗೂ ಅನುಮಾನ ಬಾರದು. ಸರಿಯಾದ ಹೆಸರು ಕೊಟ್ಟು ಹುಡುಕಿದವನಿಗೆ ಊರೇ ಸಿಗದು.

ಗಡಿಯಲ್ಲಿ ಇನ್ನೂ ಒಂದು ತೊಡಕಿದೆ. ಭಾರತೀಯ ಲಿಪಿಗಳ ಹಳೆಯ ಸಂಕೇತಕ್ರಮವಾದ ಇಸ್ಕಿಯ ಜೋಡಣೆಯನ್ನೇ ಯುನಿಕೋಡ್ ಅನುಸರಿಸಿದ್ದರಿಂದ ತೆಲುಗಿನ ‘ಮ’ಕ್ಕೂ ಕನ್ನಡದ ‘ಮ’ಕ್ಕೂ ಸರಿಯಾಗಿ 128 ಸ್ಥಾನಗಳ ಅಂತರ. ಮೂರು ಬೈಟುಗಳಲ್ಲಿ ಮೊದಲನೆಯದೂ ಕೊನೆಯದೂ ಒಂದೇ, ಲಿಪಿಯನ್ನು ಗುರುತಿಸುವುದು ನಡುವಿನದು ಮಾತ್ರ. ಅದು ಕಳೆದುಹೋದರೆ ಉಳಿದ ಚೂರು ಕನ್ನಡದ್ದೋ ತೆಲುಗಿನದ್ದೋ ಹೇಳಲಾಗದು.

‘ಇಗ್ನೋರ್’ ಮಾಡುವ ಹಾನಿಯ ಮುಂದೆ ಪೈಥಾನ್‌ನ ರಿಕ್ವೆಸ್ಟ್ಸ್ ಲೈಬ್ರರಿ ಮಾಡುವ ತಪ್ಪು ಎಷ್ಟೋ ವಾಸಿ. ಎನ್‌ಕೋಡಿಂಗ್ ಯಾವುದೆಂದು ಸರ್ವರ್ ಹೇಳದಿದ್ದರೆ ಅದು ಪಠ್ಯವನ್ನು ಐಎಸ್‌ಒ-8859-1 ಎಂದೇ ಓದುತ್ತದೆ. ಒಂದು ಕನ್ನಡ ಅಕ್ಷರ ಮೂರು ಅಸಂಬದ್ಧ ಗುರುತುಗಳಾಗುತ್ತದೆ. ನೋಡಲು ವಿಕಾರ, ಆದರೆ ಒಂದು ಬೈಟೂ ಹೋಗಿಲ್ಲ. ಅದೇ ಎನ್‌ಕೋಡಿಂಗ್‌ನಲ್ಲಿ ಬೈಟುಗಳಿಗೆ ಮರಳಿ ಯುಟಿಎಫ್-8 ಎಂದು ಓದಿದರೆ ಪುಟ ಇಡಿಯಾಗಿ ವಾಪಸು ಬರುತ್ತದೆ. ‘ಇಗ್ನೋರ್’ ಬದಲು ‘ರಿಪ್ಲೇಸ್’ ಬಳಸಿದರೆ ಮೂಲ ಹೋದರೂ, ವಜ್ರದೊಳಗಿನ ಪ್ರಶ್ನೆಚಿಹ್ನೆ ಹೋದ ಜಾಗವನ್ನಾದರೂ ತೋರಿಸುತ್ತದೆ. ಅಚ್ಚುಕಟ್ಟಾಗಿ ಕಾಣುವ ‘ಇಗ್ನೋರ್’ಗೆ ಆ ಮಟ್ಟದ ಪ್ರಾಮಾಣಿಕತೆಯೂ ಇಲ್ಲ.

ಬಂದ ಬೈಟುಗಳನ್ನು ಹಾಗೆಯೇ ಕಡತದಲ್ಲಿ ಇಟ್ಟುಕೊಂಡು, ಆಮೇಲೆ ‘ಸ್ಟ್ರಿಕ್ಟ್’ ಆಗಿ, ಅಂದರೆ ದೋಷ ಕಂಡರೆ ನಿಲ್ಲುವಂತೆ, ಓದುವ ಕ್ರಮವೇ ನನಗೆ ಸರಿ. ತುಂಡುತುಂಡಾಗಿಯೇ ಓದಬೇಕಿದ್ದರೆ ಅರ್ಧ ಅಕ್ಷರವನ್ನು ಮುಂದಿನ ತುಂಡು ಬರುವವರೆಗೆ ಹಿಡಿದಿಡುವ ಇನ್‌ಕ್ರಿಮೆಂಟಲ್ ಡಿಕೋಡರ್ ಪೈಥಾನ್‌ನಲ್ಲೇ ಇದೆ.

ಇಷ್ಟೆಲ್ಲ ಮಾಡಿದರೂ ಕೈಗೆ ಸಿಗದವು ಹಳೆಯ ನುಡಿ, ಬರಹ ಫಾಂಟುಗಳ ಪುಟಗಳು. ಅಲ್ಲಿ ‘ಕ’ ಇರುವುದು ಇಂಗ್ಲಿಷಿನ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ‘ಎ’ ರೂಪದಲ್ಲಿ. ಡಿಕೋಡರ್‌ಗೆ ಅದು ನಿರ್ದೋಷವಾದ ಲ್ಯಾಟಿನ್ ಪಠ್ಯ. ಅದಕ್ಕೇ, ಓದಿದ ಪುಟದಲ್ಲಿ ಕನ್ನಡ ಅಥವಾ ತೆಲುಗು ಯುನಿಕೋಡ್ ಅಕ್ಷರ ಒಂದೂ ಇರದಿದ್ದರೆ ಅದನ್ನು ದತ್ತಾಂಶಕ್ಕೆ ಸೇರಿಸದೆ ಫಾಂಟ್ ಪರಿವರ್ತಕದ ಸಾಲಿಗೆ ತಳ್ಳಬೇಕು.