ಮೂರು ನಿಮಿಷದ ಗುರು

ಗ್ರಾಮಫೋನಿನ 78 ಸುತ್ತಿನ ಅರಗಿನ ತಟ್ಟೆ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ ಹಾಡುತ್ತಿತ್ತು, ಅಷ್ಟೇ. ಆಮೇಲೆ ಮುಳ್ಳು ಎತ್ತಿ, ಕೀಲಿ ತಿರುವಬೇಕು. ಸಾವಕಾಶದ ಆಲಾಪಕ್ಕೆ ಅಲ್ಲಿ ಪುರುಸೊತ್ತೆಲ್ಲಿ? ರಾಗದ ಜೀವವನ್ನೇ ಹಿಂಡಿ ಬೊಗಸೆಯಲ್ಲಿ ಕೊಡಬೇಕು. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಹಾಗೆ ಕೊಟ್ಟವರು.

ಅಂಗಡಿಯೊಂದರಲ್ಲಿ ಮೊಳಗುತ್ತಿದ್ದ ಅವರ ಝಿಂಝೋಟಿ ಠುಮ್ರಿ ಗದಗಿನ ಹುಡುಗ ಭೀಮಸೇನ ಜೋಶಿಯ ತಲೆ ಕೆಡಿಸಿತು. 1933ರಲ್ಲಿ, ಹನ್ನೊಂದರ ಪ್ರಾಯಕ್ಕೆ, ಮನೆ ಬಿಟ್ಟ. ಗ್ವಾಲಿಯರ್, ಕೋಲ್ಕತ್ತ, ಜಲಂಧರ್ ಎಂದು ಅಲೆದು, ಕೊನೆಗೆ ಗುರು ಸಿಕ್ಕಿದ್ದು ಊರಿನ ಮಗ್ಗುಲಲ್ಲೇ: ಕುಂದಗೋಳದ ಸವಾಯಿ ಗಂಧರ್ವರು, ಆ ತಟ್ಟೆಯ ದನಿಯ ನೇರ ಶಿಷ್ಯರು! ಇಷ್ಟು ಸುತ್ತಿದ್ದು ದಂಡವೆಂದು ನನಗಂತೂ ಅನ್ನಿಸುವುದಿಲ್ಲ. ಹಸಿವು ಹದಗೊಂಡಿತ್ತು.

ಧಾರವಾಡದ ಗಂಗೂಬಾಯಿ ಹಾನಗಲ್ಲರದು ಇನ್ನೊಂದು ಬಗೆ. ಮನೆಯೊಳಗೆ ತಾಯಿ ಅಂಬಾಬಾಯಿಯ ಕರ್ನಾಟಕ ಸಂಗೀತ. ಬೀದಿಯಲ್ಲಿ ಗ್ರಾಮಫೋನಿನ ಹಿಂದೂಸ್ತಾನಿ. ಹುಡುಗಿ ಬೀದಿಗೆ ಓಡುತ್ತಿದ್ದಳು. ಅವಳೂ ಮುಂದೆ ಕುಂದಗೋಳದ ದಾರಿ ಹಿಡಿದಳು.

ಸೂಳೇಭಾವಿಯ ಕುಮಾರ ಗಂಧರ್ವರೋ, ಚಿಕ್ಕಂದಿನಲ್ಲೇ ದೊಡ್ಡವರ ತಟ್ಟೆಗಳನ್ನು ಕೇಳಿ, ಒಂದು ತಾನ್ ಕೂಡ ಬಿಡದಂತೆ ಹಾಗೇ ಹಾಡಿ ತೋರಿಸುತ್ತಿದ್ದರು. ಬೆಳೆದ ಮೇಲೆ ಯಾರ ಹಾಗೂ ಹಾಡಲಿಲ್ಲ.