ಅಳುವವರಿಗೂ ಬಾಯಿ ಬೇಕು

ಸರ್ಕಾರಿ ಗೌರವದ ಶವಸಂಸ್ಕಾರವನ್ನು ಯಾರೂ ವಿಮರ್ಶೆ ಮಾಡುವುದಿಲ್ಲ. ಸತ್ತವರಿಗೆ ಅಗೌರವವಾದೀತೆಂಬ ಅಳುಕು. ಆದರೆ ಸತ್ತವರು ಬೇರೆ, ಅವರ ಹೆಸರಿನಲ್ಲಿ ನಡೆಯುವ ವಿಧಿ ಬೇರೆ. ಆ ವಿಧಿಯನ್ನು ಯಾರೋ ಬರೆದಿರುತ್ತಾರೆ, ಯಾರೋ ಆಡಿಸುತ್ತಾರೆ, ಎಲ್ಲಿ ಯಾರು ನಿಲ್ಲಬೇಕು, ಯಾರ ಮಾತು ಕೇಳಬೇಕು, ಯಾರದು ಕೇಳಬಾರದು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ನಾಟಕವನ್ನು ನೋಡುವಷ್ಟೇ ಎಚ್ಚರದಿಂದ ಅದನ್ನೂ ನೋಡಬೇಕು. ನೋಡುವಾಗ ನಾನು ಕೇಳುವ ಪ್ರಶ್ನೆ ಒಂದೇ: ಅಳಲು ಬಂದವರಿಗೆ ಇಲ್ಲಿ ಎಷ್ಟು ಜಾಗ ಸಿಕ್ಕಿತು?

ಈ ಕಾಲದಲ್ಲಿ ಜಗತ್ತು ಕಂಡ ಅತಿ ದೊಡ್ಡ ಶವಸಂಸ್ಕಾರಗಳಲ್ಲೊಂದು 2022ರ ಸೆಪ್ಟೆಂಬರ್ 19ರಂದು ಲಂಡನ್ನಿನಲ್ಲಿ ನಡೆದ ಎರಡನೇ ಎಲಿಜಬೆತ್ ರಾಣಿಯದು. ಕಸುಬುಗಾರಿಕೆಯ ಮಟ್ಟಿಗೆ ಅದಕ್ಕೆ ಸಾಟಿಯಿಲ್ಲ. ರಾಣಿ ಬದುಕಿದ್ದಾಗಲೇ ವರ್ಷಗಟ್ಟಲೆ ಕೂತು ಅದರ ಒಂದೊಂದು ಗಳಿಗೆಯನ್ನೂ ಯೋಜಿಸಿದ್ದರು. ಶವಪೆಟ್ಟಿಗೆ ಇದ್ದ ತೋಪಿನ ಗಾಡಿಯನ್ನು 142 ನಾವಿಕರು ಹಗ್ಗ ಹಿಡಿದು ಎಳೆದರು. 1901ರಲ್ಲಿ ವಿಕ್ಟೋರಿಯಾಳ ಅಂತ್ಯಸಂಸ್ಕಾರದ ದಿನ ಗಾಡಿಗೆ ಕಟ್ಟಿದ ಕುದುರೆಗಳು ಹದ್ದುಮೀರಿದಾಗ ನಾವಿಕರು ತಾವೇ ಹೆಗಲು ಕೊಟ್ಟಿದ್ದರು. ಅಂದಿನ ಅವಘಡ ಮುಂದೆ ಸಂಪ್ರದಾಯವಾಯಿತು. ವಿಂಡ್ಸರ್‌ನ ಪ್ರಾರ್ಥನಾಲಯದಲ್ಲಿ ಕಿರೀಟ, ರಾಜದಂಡ, ಗೋಳ ಮೂರನ್ನೂ ಪೆಟ್ಟಿಗೆಯ ಮೇಲಿಂದ ತೆಗೆದು ದೇವರ ಪೀಠದ ಮೇಲಿಟ್ಟರು. ಅರಮನೆಯ ಮುಖ್ಯಾಧಿಕಾರಿ ತನ್ನ ಅಧಿಕಾರದ ಕೋಲನ್ನು ಎರಡು ತುಂಡು ಮಾಡಿ ಪೆಟ್ಟಿಗೆಯ ಮೇಲಿರಿಸಿದ. ಪೆಟ್ಟಿಗೆ ಕೆಳಗಿಳಿಯುವ ಹೊತ್ತಿಗೆ ಅದರೊಳಗಿದ್ದದ್ದು ಒಬ್ಬ ಮುದುಕಿಯ ದೇಹ ಮಾತ್ರ. ಅಧಿಕಾರ ಯಾರ ಸ್ವಂತದ್ದೂ ಅಲ್ಲ ಎಂಬುದನ್ನು ಒಂದು ಮಾತೂ ಇಲ್ಲದೆ ಅಷ್ಟು ಸ್ಪಷ್ಟವಾಗಿ ತೋರಿಸಿದ ಗಳಿಗೆಯನ್ನು ನಾನು ಬೇರೆ ಯಾವ ರಾಜಮರ್ಯಾದೆಯಲ್ಲೂ ಕಂಡಿಲ್ಲ.

ಆದರೆ ಆ ಹತ್ತು ದಿನಗಳ ನಿಜವಾದ ಸಾಧನೆ ಈ ಯಾವುದೂ ಅಲ್ಲ, ಜನರ ಸಾಲು. ವೆಸ್ಟ್‌ಮಿನ್‌ಸ್ಟರ್ ಹಾಲ್‌ನಲ್ಲಿ ಇರಿಸಿದ್ದ ಪೆಟ್ಟಿಗೆಯ ಮುಂದೆ ಸುಮಾರು ಎರಡೂವರೆ ಲಕ್ಷ ಜನ ಹಾದುಹೋದರು. ಥೇಮ್ಸ್ ನದಿಯ ದಂಡೆಯುದ್ದಕ್ಕೂ ಮೈಲಿಗಟ್ಟಲೆ ಸಾಲು. ಹಗಲು ಕಳೆದು ಇರುಳಾಯಿತು, ಮತ್ತೆ ಹಗಲಾಯಿತು. ಕೈಗೆ ಸಂಖ್ಯೆಯ ಪಟ್ಟಿ ಕಟ್ಟಿದ್ದರಿಂದ ನೀರಿಗೋ ಶೌಚಕ್ಕೋ ಹೋಗಿ ಬಂದವರ ಜಾಗ ತಪ್ಪುತ್ತಿರಲಿಲ್ಲ. ನಿಲ್ಲಲಾರದವರಿಗೆ ಬೇರೆ ಸಾಲು. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕ್‌ಹ್ಯಾಮ್ ಹನ್ನೆರಡು ತಾಸಿಗೂ ಹೆಚ್ಚು ಎಲ್ಲರ ನಡುವೆ ನಿಂತ. ಸಂಸದರು ಮಾತ್ರ ಸಾಲು ತಪ್ಪಿಸಿ, ತಮ್ಮ ಜೊತೆ ಅತಿಥಿಗಳನ್ನೂ ಕರೆದುಕೊಂಡು ಹೋಗಬಹುದಿತ್ತು. ಅದಕ್ಕೆ ಅಲ್ಲಿಯ ಜನವೇ ಸಿಟ್ಟಾದರು. ಸಿಟ್ಟಾದದ್ದು ಸರಿ. ರಾಜಮನೆತನವನ್ನು ಒಪ್ಪದ ನನಗೂ ಆ ಸಾಲಿನ ಬಗ್ಗೆ ಗೌರವವಿದೆ. ಕಾಯುವುದರಲ್ಲಿ ಎಲ್ಲರೂ ಸಮ ಎಂದು ಒಪ್ಪಿಕೊಂಡ ಶೋಕ ಅದು.

ಇಷ್ಟೆಲ್ಲ ಒಪ್ಪಿದ ಮೇಲೂ ಆ ವಿಧಿಯಲ್ಲಿ ನನಗೆ ದೊಡ್ಡ ಕೊರತೆ ಕಾಣುತ್ತದೆ: ಅಲ್ಲಿ ಯಾರಿಗೂ ಮಾತಾಡಲು ಬಿಡಲಿಲ್ಲ. ಹೊಸ ರಾಜನ ಘೋಷಣೆಯ ಹೊತ್ತಿನಲ್ಲಿ, ಇವನನ್ನು ಆರಿಸಿದವರು ಯಾರು ಎಂದು ಕೂಗಿ ಕೇಳಿದವನನ್ನೂ ಅಂಥ ಇನ್ನು ಕೆಲವರನ್ನೂ ಪೊಲೀಸರು ಹಿಡಿದುಕೊಂಡು ಹೋದರು. ಪೆಟ್ಟಿಗೆಯ ಮೇಲೆ ಹೊಳೆಯುತ್ತಿದ್ದ ಕಿರೀಟದಲ್ಲೂ ರಾಜದಂಡದಲ್ಲೂ ಇದ್ದ ದೊಡ್ಡ ವಜ್ರಗಳು ದಕ್ಷಿಣ ಆಫ್ರಿಕಾದ ಒಂದೇ ಕಲ್ಲಿನಿಂದ ಬಂದವು. ಆ ಗಣಿಯ ಕತೆ ಆ ವಿಧಿಯಲ್ಲಿ ಎಲ್ಲಿಯೂ ಬರಲಿಲ್ಲ. 1997ರಲ್ಲಿ ರಾಣಿ ಜಲಿಯನ್‌ವಾಲಾ ಬಾಗಿಗೆ ಬಂದಿದ್ದಳು. ತಲೆಬಾಗಿ ಹೂಗುಚ್ಛ ಇಟ್ಟಳು, ಕ್ಷಮೆ ಕೇಳಲಿಲ್ಲ. ಸಾವಿನ ವಿಧಿಯೂ ಅದೇ ಜಾಡಿನಲ್ಲಿ ನಡೆಯಿತು. ಎರಡು ನಿಮಿಷದ ಮೌನಾಚರಣೆ ಅಲ್ಲಿಯವರಿಗೆ ಭಕ್ತಿ ಇರಬಹುದು. ಒಂದು ಕಾಲಕ್ಕೆ ಆಳಿಸಿಕೊಂಡವರಿಗೆ ಅದು ಬಾಯಿ ಮುಚ್ಚಿಕೊಂಡು ನಿಲ್ಲು ಎಂದ ಹಾಗೆ ಕೇಳಿಸುತ್ತದೆ.

ಈ ಮಾತು ನಮ್ಮ ಹುಣಸೂರಿನ ಕಡೆಯಿಂದ ಏಕೆ ಬರಬೇಕು ಎಂದರೆ ಕಾರಣವಿದೆ. ಎಲಿಜಬೆತ್‌ಳ ಅಜ್ಜ ಐದನೇ ಜಾರ್ಜ್ ಇನ್ನೂ ವೇಲ್ಸ್ ರಾಜಕುಮಾರನಾಗಿದ್ದಾಗ, 1906ರಲ್ಲಿ, ನಮ್ಮ ಹೆಗ್ಗಡದೇವನಕೋಟೆಯ ಕಾಡಿಗೆ ಬಂದಿದ್ದ. ಕಾರಾಪುರದ ಬಿಡಾರದಲ್ಲಿ ಇಳಿದು, ಕಾಡಾನೆಗಳನ್ನು ಅಟ್ಟಿ ಸೆರೆಹಿಡಿಯುವ ಖೆಡ್ಡಾ ನೋಡಿದ. ಅದೇ ಪ್ರವಾಸದಲ್ಲಿ, ಫೆಬ್ರುವರಿ 5ರಂದು, ಬೆಂಗಳೂರಿನ ಕಬ್ಬನ್ ಪಾರ್ಕಿನ ಅಂಚಿನಲ್ಲಿ ತನ್ನ ಅಜ್ಜಿ ವಿಕ್ಟೋರಿಯಾಳ ಪ್ರತಿಮೆಯ ತೆರೆ ಸರಿಸಿದ. ಆ ಪ್ರತಿಮೆ ಇಂದಿಗೂ ಇದೆ. ಖೆಡ್ಡಾಕ್ಕೆ ಆನೆಗಳನ್ನು ಅಟ್ಟಿ ತಂದ ಜೇನುಕುರುಬರ, ಬೆಟ್ಟಕುರುಬರ ಹೆಸರಿನ ಒಂದು ಕಲ್ಲೂ ಯಾವ ಪಾರ್ಕಿನಲ್ಲೂ ಇಲ್ಲ. 2022ರ ಸೆಪ್ಟೆಂಬರ್ 11ರಂದು ರಾಣಿಗಾಗಿ ಭಾರತ ಸರ್ಕಾರ ಒಂದು ದಿನದ ಶೋಕ ಘೋಷಿಸಿತು. ಅಂದು ಭಾನುವಾರ. ಸರ್ಕಾರಿ ಕಟ್ಟಡಗಳ ಮೇಲೆ ಬಾವುಟ ಅರ್ಧಕ್ಕೆ ಇಳಿಯಿತು. ಪಿರಿಯಾಪಟ್ಟಣ, ಹುಣಸೂರಿನ ಹಳ್ಳಿಗಳಲ್ಲಿ ಹೊಗೆಸೊಪ್ಪು ಬೇಯಿಸುವ ಹಂಗಾಮು. ಸೊಪ್ಪು ಬೇಯಿಸುವ ಬ್ಯಾರನ್ ಮುಂದೆ ನಿದ್ದೆಗೆಟ್ಟು ಕೂತ ರೈತನಿಗೆ ಆ ಶೋಕದಲ್ಲಿ ಏನು ಪಾಲಿತ್ತು? ಅವನನ್ನು ಯಾರೂ ಕೇಳಲಿಲ್ಲ. ಶೋಕವನ್ನು ಆದೇಶದಿಂದ ಹೊರಡಿಸಲು ಸಾಧ್ಯವಿಲ್ಲ. ಬಾವುಟವನ್ನು ಮಾತ್ರ ಇಳಿಸಬಹುದು.

ನಮ್ಮ ಹಳ್ಳಿಯ ಸಾವಿನ ಮನೆ ಹೇಗಿರುತ್ತದೆ ಎಂದು ನೋಡಿದರೆ ನನ್ನ ಪ್ರಶ್ನೆ ತಿಳಿಯಾಗುತ್ತದೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆಂಟರೋ ಅಕ್ಕಪಕ್ಕದವರೋ ಊಟ ಮಾಡಿ ತರುತ್ತಾರೆ. ತಮಟೆ ಸದ್ದಿಗೆ ಊರಿಗೆಲ್ಲ ಸುದ್ದಿ. ಬೇರೆ ಊರಿಂದ ಬಂದ ಹೆಂಗಸರು ಊರ ಬಾಗಿಲಲ್ಲೇ ದನಿ ತೆಗೆದು, ಹಾಡಿಕೊಂಡು ಅಳುತ್ತಾ ಬರುತ್ತಾರೆ. ಆ ಅಳುವಿನಲ್ಲಿ ಹೊಗಳಿಕೆ ಮಾತ್ರ ಇರುವುದಿಲ್ಲ. ಮಗಳ ಮದುವೆ ನಿಲ್ಲಿಸಿ ಹೋದೆಯಲ್ಲ ಅಪ್ಪಾ, ಸಾಲ ತಲೆ ಮೇಲೆ ಹೊರಿಸಿ ಹೋದೆಯಲ್ಲ, ಅಣ್ಣತಮ್ಮಂದಿರ ಜಗಳ ಬಗೆಹರಿಸದೆ ಹೋದೆಯಲ್ಲ ಎಂದು ಸತ್ತವನಿಗೇ ಎದುರು ನಿಂತು ಕೇಳುತ್ತಾರೆ. ಕುಡಿದು ಹೊಡೆದದ್ದನ್ನೂ ಹೇಳುತ್ತಾರೆ, ಆಲೆಮನೆಯಿಂದ ಬೆಲ್ಲ ತಂದುಕೊಟ್ಟದ್ದನ್ನೂ ಹೇಳುತ್ತಾರೆ. ಅದನ್ನು ಕೇಳಿದ ಊರಿನ ಹಿರಿಯರು ತಲೆ ತಗ್ಗಿಸುತ್ತಾರೆ, ಕೆಲವೊಮ್ಮೆ ಅಲ್ಲೇ ಕೂತು ಸಾಲದ ಬಾಬ್ತನ್ನು ಮಾತಾಡುತ್ತಾರೆ. ಮೂರನೇ ದಿನ ಹಾಲು ತುಪ್ಪ, ಹನ್ನೊಂದಕ್ಕೆ ತಿಥಿ. ಸತ್ತವನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಡುತ್ತಾರೆ, ಕೆಲವು ಕಡೆ ನೀಲಗಾರರು ರಾತ್ರಿಯಿಡೀ ಮಂಟೇಸ್ವಾಮಿ ಕತೆ ಹೇಳುತ್ತಾರೆ. ಇಲ್ಲಿ ಸತ್ತವನ ಬದುಕಿನ ಲೆಕ್ಕ ಎಲ್ಲರ ಕಿವಿಗೆ ಬೀಳುವ ಹಾಗೆ ಒಪ್ಪಿಸಲಾಗುತ್ತದೆ. ಅಳುವವಳೇ ಆ ಹೊತ್ತಿನ ನ್ಯಾಯಸ್ಥಾನ.

ಈ ವ್ಯವಸ್ಥೆಯೂ ಕುಂದಿಲ್ಲದ್ದಲ್ಲ. ತಮಟೆ ಬಡಿಯುವ ಕೆಲಸವನ್ನೂ ಕುಣಿ ತೋಡುವ ಕೆಲಸವನ್ನೂ ಒಂದೇ ಕೇರಿಯ ಮೇಲೆ ಹೊರಿಸಿಟ್ಟ ಊರುಗಳು ನಮ್ಮವೇ. ಮಸಣಕ್ಕೆ ಜಾಗವಿಲ್ಲದೆ ಹೆಣವನ್ನು ದಾರಿಯಲ್ಲಿಟ್ಟುಕೊಂಡು ಕೂರಬೇಕಾದವರೂ ಅದೇ ಕೇರಿಯವರು. ಹಳ್ಳಿಯ ಶೋಕವನ್ನು ಹೊಗಳುವವರು ಇದನ್ನು ಬಿಟ್ಟು ಹೇಳಬಾರದು.

ಟಿಬೆಟನ್ನರ ನೆಲೆಯಾದ ಬೈಲಕುಪ್ಪೆಯಲ್ಲಿ ಮತ್ತೊಂದು ಬಗೆ ಇದೆ. ನಾಮ್ಡ್ರೋಲಿಂಗ್ ಮಠದ ಪೆನೋರ್ ರಿಂಪೋಚೆ 2009ರ ಮಾರ್ಚ್ 27ರಂದು ತೀರಿಕೊಂಡಾಗ, ಗುರು ಇನ್ನೂ ಧ್ಯಾನದಲ್ಲಿದ್ದಾರೆಂಬ ನಂಬಿಕೆಯಿಂದ ಮಠದವರು ದೇಹವನ್ನು ಕದಲಿಸದೆ ದಿನಗಟ್ಟಲೆ ಕಾದರು. ಶೋಕಕ್ಕೆ ಅವಸರವಿರಬಾರದು ಎಂಬ ಅವರ ತಿಳಿವಳಿಕೆ ನನಗೆ ಬಹಳ ಹಿಡಿಸುತ್ತದೆ.

ನಮ್ಮದೇ ಅರಸರ ಕಡೆ ಬರೋಣ. ನಾಲ್ವಡಿ ಕೃಷ್ಣರಾಜ ಒಡೆಯರು ತೀರಿಕೊಂಡದ್ದು 1940ರ ಆಗಸ್ಟ್ 3ರಂದು. ಅವರನ್ನು ಕಂಡವರು ಈಗ ಹೆಚ್ಚು ಉಳಿದಿಲ್ಲ, ಪಟ ಮಾತ್ರ ಇನ್ನೂ ಮನೆಗಳಲ್ಲಿದೆ. ಕಾವೇರಿಯ ಪ್ರವಾಹಕ್ಕೆ ಸಿಕ್ಕಿ ಎಡತೊರೆ ನಲುಗಿದಾಗ ಎತ್ತರದಲ್ಲಿ ಹೊಸ ಊರು ಕಟ್ಟಿಸಿದರು, ಅದೇ ಕೃಷ್ಣರಾಜನಗರ. ಆ ಊರಿನವರು ಪಟಕ್ಕೆ ಹೂ ಹಾಕುವುದರಲ್ಲಿ ಅರ್ಥವಿದೆ, ಕಾಲ ಕೆಳಗಿನ ನೆಲವೇ ಅದಕ್ಕೆ ಸಾಕ್ಷಿ. ಕನ್ನಂಬಾಡಿ ಅಣೆಕಟ್ಟೆಯ ಹಿನ್ನೀರಿನಲ್ಲಿ ನೆಲ ಕಳೆದುಕೊಂಡವರ ಕತೆಯನ್ನೂ ಆ ಪಟದ ಮುಂದೆಯೇ ಹೇಳಲು ಸಾಧ್ಯವಾಗಬೇಕು. ಮುಖ್ಯಮಂತ್ರಿಯಾಗಿದ್ದ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1982ರ ಜೂನ್ 6ರಂದು ತೀರಿಕೊಂಡಾಗ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಅವರ ಭೂಸುಧಾರಣೆಯಿಂದ ಗೇಣಿದಾರನ ಹೆಸರು ಪಹಣಿಗೆ ಬಂದ ಮನೆಗಳಲ್ಲಿ ಅವರ ಸಾವಿಗೆ ಅಳಲು ಯಾವ ಆದೇಶವೂ ಬೇಕಿರಲಿಲ್ಲ.

2013ರ ಡಿಸೆಂಬರ್ 10ರಂದು ಶ್ರೀಕಂಠದತ್ತ ನರಸಿಂಹರಾಜ ಒಡೆಯರು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುದಿನ ಮೈಸೂರಿನ ಅರಮನೆಯಲ್ಲಿ ಅಂತಿಮ ದರ್ಶನ, ಆಮೇಲೆ ನಂಜನಗೂಡು ರಸ್ತೆಯ ಮಧುವನದಲ್ಲಿ ದಹನ. ಒಂದು ಕಡೆ ಅರಮನೆಯ ಪುರೋಹಿತರ ವಿಧಿ, ಇನ್ನೊಂದು ಕಡೆ ಸರ್ಕಾರದ ಪೊಲೀಸ್ ಬ್ಯಾಂಡು, ಕುಶಾಲತೋಪು. ಎರಡೂ ಒಂದರ ಪಕ್ಕ ಒಂದು ನಡೆದವು, ಒಂದಕ್ಕೊಂದು ಬೆಸೆಯಲಿಲ್ಲ. ನನ್ನ ದೃಷ್ಟಿಯಲ್ಲಿ ಅಂದು ಬೆಲೆಯುಳ್ಳದ್ದು ಬೇರೆಯೇ ಇತ್ತು. ಒಡೆಯರು ಮೈಸೂರು ಕ್ಷೇತ್ರದಿಂದ ನಾಲ್ಕು ಬಾರಿ ಲೋಕಸಭೆಗೆ ಗೆದ್ದವರು. ಇದೇ ಜನ ಅವರನ್ನು ಸೋಲಿಸಿಯೂ ಇದ್ದರು: 1991ರಲ್ಲಿ ದೇವರಾಜ ಅರಸರ ಮಗಳು ಚಂದ್ರಪ್ರಭಾ ಅರಸು ಅವರೆದುರು, ಆಮೇಲೆ 2004ರಲ್ಲಿ. ಚುನಾವಣೆಯಲ್ಲಿ ಬೇಡ ಎಂದವರೇ ಸತ್ತಾಗ ಹೂ ಹಿಡಿದು ಬಂದರು. ಆಳುವವನನ್ನು ನಿರಾಕರಿಸುವ ಹಕ್ಕು ಕೈಯಲ್ಲಿದ್ದ ಮೇಲೆ ಬಂದ ಕಣ್ಣೀರು ಪ್ರಜೆಯದಲ್ಲ, ಮತದಾರನದು. ಅದರ ತೂಕ ಹೆಚ್ಚು. ಲಂಡನ್ನಿನ ಎರಡೂವರೆ ಲಕ್ಷ ಜನಕ್ಕೆ ಆ ಹಕ್ಕು ಇರಲಿಲ್ಲ.

ವ್ಯವಸ್ಥೆಯಲ್ಲಿ ಮಾತ್ರ ನಾವು ಅವರಿಂದ ಕಲಿಯಬೇಕು. ಡಾ. ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಬೆಂಗಳೂರಿನಲ್ಲಿ ಏನಾಯಿತೆಂಬುದು ಎಲ್ಲರಿಗೂ ನೆನಪಿದೆ. ಕಲ್ಲು, ಬೆಂಕಿ, ಗೋಲಿಬಾರು. ಅಳಲು ಬಂದವರಲ್ಲೇ ಕೆಲವರು ಹೆಣವಾದರು, ಕರ್ತವ್ಯದಲ್ಲಿದ್ದ ಪೊಲೀಸರೊಬ್ಬರನ್ನು ಹೊಡೆದು ಕೊಂದರು. ನೋಡಲು ಯಾವಾಗ ಬಿಡುತ್ತಾರೆ, ಎಲ್ಲಿ ನಿಲ್ಲಬೇಕು ಎಂದು ಜನಕ್ಕೆ ಹೇಳುವವರೇ ಇರಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಆ ಪಾಠ ನೆನಪಿತ್ತು. ಕಂಠೀರವ ಕ್ರೀಡಾಂಗಣವನ್ನು ತೆರೆದಿಟ್ಟರು, ಮದ್ಯದಂಗಡಿಗಳನ್ನು ಮುಚ್ಚಿಸಿದರು, ಮಣ್ಣು ಮಾಡುವುದನ್ನು 31ರವರೆಗೆ ತಡೆದು ದೂರದವರಿಗೆ ಹೊತ್ತು ಕೊಟ್ಟರು. ಕಾಯಲು ಜಾಗ ಸಿಕ್ಕ ಶೋಕ ಕೈಗೆ ಕಲ್ಲು ತೆಗೆದುಕೊಳ್ಳಲಿಲ್ಲ. ಕಣ್ಣು ದಾನಕ್ಕೆ ಹೆಸರು ಬರೆಸಲು ಹೋಯಿತು.

ಇಷ್ಟೆಲ್ಲದರ ನಡುವೆ ನಮ್ಮ ಸೀಮೆ ಕಂಡ ಅತಿ ಪ್ರಾಮಾಣಿಕ ಸಾರ್ವಜನಿಕ ಶೋಕ ಯಾವುದೆಂದರೆ, ನನ್ನ ಉತ್ತರ: ಅರ್ಜುನನದು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ, ಒಂದು ಕಾಲಕ್ಕೆ ರಾಜಕುಮಾರರು ಬಂದು ನೋಡುತ್ತಿದ್ದ ಅದೇ ಬೇಟೆಯಲ್ಲಿ, ಸೆರೆಯಾದ ಆನೆ. ಹೆಗ್ಗಡದೇವನಕೋಟೆಯ ಬಳ್ಳೆ ಶಿಬಿರದಲ್ಲಿ ಬದುಕಿದವನು. ಮಾವುತನೊಬ್ಬನ ಸಾವಿಗೆ ಕಾರಣನಾದನೆಂದು ಬಹಳ ವರ್ಷ ಮೈಸೂರು ದಸರಾದ ಅಂಬಾರಿಯಿಂದ ದೂರವಿಟ್ಟಿದ್ದರು. 2012ರಿಂದ 2019ರವರೆಗೆ ಎಂಟು ಬಾರಿ 750 ಕಿಲೊ ತೂಕದ ಚಿನ್ನದ ಅಂಬಾರಿ ಹೊತ್ತ. ವಯಸ್ಸು ಅರವತ್ತಾಯಿತೆಂದು ಅಂಬಾರಿ ಇಳಿಸಿದರು, ಕಾಡಾನೆ ಹಿಡಿಯುವ ಕೆಲಸದಿಂದ ಇಳಿಸಲಿಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರು ವಲಯದಲ್ಲಿ ಕಾಡಾನೆಯೊಂದಿಗೆ ಕಾದಾಡಿ ಸತ್ತ.

ಮರುದಿನ ಅಲ್ಲಿಯೇ ಸರ್ಕಾರಿ ಗೌರವದೊಂದಿಗೆ ಮಣ್ಣು ಮಾಡಿದರು. ಹೂ ಹಾರ, ಪೂಜೆ, ಕುಶಾಲತೋಪು ಎಲ್ಲವೂ ಇದ್ದವು. ಆದರೆ ಜನ ಸುಮ್ಮನೆ ನಿಂತಿರಲಿಲ್ಲ. ಮಾವುತ ಸೊಂಡಿಲು ತಬ್ಬಿಕೊಂಡು ಅತ್ತ, ಬಿಡಿಸಿದರೂ ಬಿಡಲಿಲ್ಲ. ನಮ್ಮ ಆನೆಯನ್ನು ಬಳ್ಳೆಗೇ ತನ್ನಿ, ಇಲ್ಲೇ ಮಣ್ಣು ಮಾಡಿ ಎಂದು ಹೆಗ್ಗಡದೇವನಕೋಟೆ ಕಡೆಯ ಜನ ಪಟ್ಟುಹಿಡಿದರು. ಅಂಬಾರಿಗೆ ವಯಸ್ಸಾದವನು ಕಾರ್ಯಾಚರಣೆಗೆ ಹೇಗೆ ಹರೆಯದವನಾದ? ಕಾಲಿಗೆ ಗುಂಡು ತಗುಲಿತ್ತೆ? ಜೊತೆಯಲ್ಲಿದ್ದವರು ಯಾಕೆ ಬಿಟ್ಟು ಬಂದರು? ಪ್ರಶ್ನೆಗಳು ಗುಂಡಿಯ ಅಂಚಿನಲ್ಲೇ ಎದ್ದವು, ತನಿಖೆಯಾಗಲಿ ಎಂಬ ಕೂಗಾಯಿತು. ಹಳ್ಳಿಯ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಕೇಳುವ ಪ್ರಶ್ನೆಗಳ ಜಾತಿಯವೇ ಅವು. ಅಧಿಕಾರಿಗಳಿಗೆ ಅದು ಗಲಾಟೆಯಾಗಿ ಕಂಡಿರಬಹುದು. ನನಗೆ ಅದು ಆ ವಿಧಿಯ ಅತ್ಯುತ್ತಮ ಭಾಗ. ಆ ದಿನ ಬಂದೂಕಿನ ಸದ್ದಿಗಿಂತ ಜನರ ದನಿ ಹೆಚ್ಚು ಕೇಳಿಸಿತು, ಹಾಗೆ ಕೇಳಿಸಿದ ಸರ್ಕಾರಿ ಶವಸಂಸ್ಕಾರ ನನಗೆ ತಿಳಿದಂತೆ ಮತ್ತೊಂದಿಲ್ಲ.

ಆ ಒತ್ತಾಯಕ್ಕೆ ಮಣಿದು ಸರ್ಕಾರ ಅವನು ಸತ್ತಲ್ಲಿಯೂ ಬಳ್ಳೆಯಲ್ಲಿಯೂ ಸ್ಮಾರಕ ಮಾಡುವುದಾಗಿ ಹೇಳಿತು. ಒಳ್ಳೆಯದು. ಬಳ್ಳೆಯ ಕಲ್ಲಿನ ಮೇಲೆ ಎಂಟು ಅಂಬಾರಿಯ ಲೆಕ್ಕದ ಜೊತೆಗೆ 1968ರ ಖೆಡ್ಡಾವನ್ನೂ ಬರೆಯಬೇಕು, ಸತ್ತ ಮಾವುತನ ಹೆಸರನ್ನೂ ಬರೆಯಬೇಕು, ಅರವತ್ತು ದಾಟಿದ ಆನೆಯನ್ನು ಯಸಳೂರಿಗೆ ಯಾವ ಕೆಲಸಕ್ಕೆ ಕಳಿಸಿದ್ದರು ಎಂಬುದನ್ನೂ ಬರೆಯಬೇಕು. ಬರೆಯುವ ಮೊದಲು ಬಳ್ಳೆಯ ಹಾಡಿಯಲ್ಲಿ ಅವನನ್ನು ಸಾಕಿದವರನ್ನು ಕೂರಿಸಿಕೊಂಡು, ಏನು ಬರೆಯಬೇಕು ಎಂದು ಅವರನ್ನು ಕೇಳಬೇಕು.