ಘರ್ಷಣೆಗೆ ಒಂದೇ ಅಂಕಿ

ತಗಡು ಒತ್ತುವ ಉದ್ಯಮದಲ್ಲಿ ಕಂಪ್ಯೂಟರ್ ಸಿಮ್ಯುಲೇಶನ್‌ಗೆ ಸಿಕ್ಕಿರುವ ಹೆಸರು ಅದರ ಯೋಗ್ಯತೆಗಿಂತ ಒಂದು ಕೈ ಹೆಚ್ಚೇ. ಡೈ ಕೆತ್ತುವ ಮೊದಲೇ ಶೀಟು ಎಲ್ಲಿ ಸೀಳುತ್ತದೆ, ಎಲ್ಲಿ ಸುಕ್ಕುಗಟ್ಟುತ್ತದೆ ಎಂದು ತೆರೆಯ ಮೇಲೆ ಕಾಣುವುದು ಸಣ್ಣ ಮಾತಲ್ಲ. ಡೈಯನ್ನು ಒತ್ತಿ ನೋಡುವ ಟ್ರೈಔಟ್‌ಗಳು ಕಡಿಮೆಯಾದದ್ದೂ ನಿಜ. ಆದರೆ ಸಿಮ್ಯುಲೇಶನ್ ವರದಿಯ ಮೊದಲ ಪುಟದಲ್ಲಿ ಶೀಟು ಸೀಳದು ಎನ್ನುವ ಹಸಿರು ಚಿತ್ರವನ್ನು ದಾಟಿ ಇನ್‌ಪುಟ್ ಪಟ್ಟಿಗೆ ಬನ್ನಿ. ಘರ್ಷಣಾ ಗುಣಾಂಕ: 0.15. ಇಡೀ ಡೈಗೆ, ಇಡೀ ಸ್ಟ್ರೋಕ್‌ಗೆ ಅಷ್ಟೇ.

ನನ್ನ ತಕರಾರೆಲ್ಲ ಈ ಒಂದು ಸಾಲಿನ ಮೇಲೆ. ಅಂಚನ್ನು ಒತ್ತಿಹಿಡಿಯುವ ಬ್ಲ್ಯಾಂಕ್ ಹೋಲ್ಡರ್‌ನ ಕೆಳಗೆ ಶೀಟಿನ ಮೇಲಿನ ಒತ್ತಡ ಸಾಧಾರಣ. ಡೈ ರೇಡಿಯಸ್ಸಿನ ತಿರುವಿನಲ್ಲಿ ಅದು ಎಷ್ಟೋ ಪಟ್ಟು ಏರುತ್ತದೆ. ಶೀಟಿನ ಒರಟು ಮೈಯ ಗುಳಿಗಳಲ್ಲಿ ನಿಂತ ಎಣ್ಣೆ ಒತ್ತಡಕ್ಕೆ ಒಂದು ಬಗೆಯಲ್ಲಿ, ಜಾರುವ ವೇಗಕ್ಕೆ ಇನ್ನೊಂದು ಬಗೆಯಲ್ಲಿ ವರ್ತಿಸುತ್ತದೆ. ಕ್ರ್ಯಾಂಕ್ ಪ್ರೆಸ್ಸಿನ ವೇಗವಾದರೋ ತಳ ಮುಟ್ಟುವಾಗ ಇಳಿದುಹೋಗಿರುತ್ತದೆ. ಉತ್ಪಾದನೆಯ ಓಟ ಶುರುವಾಗಿ ಡೈ ಬಿಸಿಯೇರಿದ ಮೇಲೆ ಎಣ್ಣೆ ತೆಳುವಾಗುತ್ತದೆ. ಬೆಳಿಗ್ಗೆ ಸರಿಯಾಗಿ ಬಂದ ಪೀಸು ಮಧ್ಯಾಹ್ನ ಸೀಳುವುದು ಇದರಿಂದಲೂ ಇರಬಹುದು. ಇಷ್ಟೆಲ್ಲವನ್ನೂ 0.15ರ ಚೀಲದಲ್ಲಿ ತುಂಬಿ ಬಾಯಿ ಕಟ್ಟಿಡಲಾಗಿದೆ.

1993ರಲ್ಲಿ ಜಪಾನಿನಲ್ಲಿ ನಡೆದ, ತಗಡು ಒತ್ತುವ ಸಿಮ್ಯುಲೇಶನ್ ಕುರಿತ ನ್ಯೂಮಿಶೀಟ್ ಸಮ್ಮೇಳನ ಒಂದು ಸರಳ ಪರೀಕ್ಷೆ ಮುಂದಿಟ್ಟಿತ್ತು: ಪಟ್ಟಿಯೊಂದನ್ನು ಎಳೆದು ಯು ಆಕಾರ ಮಾಡಿ, ಒತ್ತಡ ತೆಗೆದಾಗ ಗೋಡೆಗಳು ಎಷ್ಟು ಬಿಚ್ಚಿಕೊಳ್ಳುತ್ತವೆ ಎಂದು ಅಳೆಯುವುದು. ಲೆಕ್ಕಗಳು ಚೆಲ್ಲಾಪಿಲ್ಲಿಯಾದವು, ಪ್ರಯೋಗದ ಅಳತೆಗಳೂ ಒಂದಕ್ಕೊಂದು ಹೊಂದಲಿಲ್ಲ. ಈ ಯು ಪಟ್ಟಿಯಲ್ಲೇ ಮೋಸದ ದಾರಿಯೂ ಇದೆ. ಘರ್ಷಣೆ ಹೆಚ್ಚಿಸಿದರೆ ಗೋಡೆಯ ಎಳೆತ ಹೆಚ್ಚುತ್ತದೆ, ದಪ್ಪದ ಒಳಮೈ ಹೊರಮೈಗಳ ನಡುವಿನ ಒತ್ತಡದ ಅಂತರ ಕುಗ್ಗುತ್ತದೆ, ಆ ಬಿಚ್ಚಿಕೊಳ್ಳುವಿಕೆ, ಅಂದರೆ ಸ್ಪ್ರಿಂಗ್‌ಬ್ಯಾಕ್, ಇಳಿಯುತ್ತದೆ. ಲೋಹದ ಮಾದರಿ ತಪ್ಪಿದ್ದರೂ 0.15ನ್ನು 0.17 ಮಾಡಿ ಅಳತೆಗೆ ಹೊಂದಿಸಬಹುದು. ಎರಡು ತಪ್ಪು ಸೇರಿ ಒಂದು ಸರಿಯುತ್ತರ! ಟ್ರೈಔಟ್ ಮುಗಿದ ಮೇಲೆ ಹೀಗೆ ಹೊಂದಿಸಿ, ಸಿಮ್ಯುಲೇಶನ್ ಮೊದಲೇ ಹೇಳಿತ್ತು ಎನ್ನುವ ವರದಿಗಳನ್ನು ನಾನು ನಂಬುವುದಿಲ್ಲ.

ನನ್ನಂತೆ ಸಿಮ್ಯುಲೇಶನ್ನನ್ನು ಟೀಕಿಸುವವರಿಗೆ ಘರ್ಷಣೆಯ ಈ ತೊಡಕು ಕಾಣುವುದೇ ಇಲ್ಲ. ಅವರ ದೂರೆಲ್ಲ ಲೋಹ ಯಾವಾಗ ಮಣಿಯುತ್ತದೆ ಎನ್ನುವ ಸೂತ್ರದ ಮೇಲೆ. ಹಿಲ್ 1948ರಲ್ಲಿ ಕೊಟ್ಟ ಸೂತ್ರ ಅಲ್ಯೂಮಿನಿಯಂಗೆ ಸಾಲದು ಎಂದರು, ಒಪ್ಪಿದೆ. 2003ರಲ್ಲಿ ಬಾರ್ಲಾ ತಂಡದ ಎಂಟು ಗುಣಾಂಕಗಳ ಸೂತ್ರ ಬಂತು. ಬಾಗಿಸಿ ಮತ್ತೆ ನೇರ ಮಾಡುವಾಗ ಲೋಹ ಬೇಗ ಮಣಿಯುವುದನ್ನು ಹಿಡಿಯಲು ಯೊಶಿದಾ, ಉಎಮೊರಿ ಅವರ ಮಾದರಿ ಬಂತು. ಅದಂತೂ ಗಟ್ಟಿ ಕೆಲಸ. ಆದರೆ ಲೋಹಕ್ಕೆ ಪುಟಗಟ್ಟಲೆ ಸಮೀಕರಣ ಬರೆಯುವ ಪ್ರಬಂಧದಲ್ಲಿ ಘರ್ಷಣೆಗೆ ಎಷ್ಟು ಜಾಗ? ಸ್ಥಿರವೆಂದು ಭಾವಿಸಲಾಗಿದೆ ಎಂಬ ಒಂದು ವಾಕ್ಯ. ಭಾವಿಸಿದವರು ಯಾರು, ಯಾವ ಎಣ್ಣೆ ನೋಡಿ? ವಿದ್ವಾಂಸರು ಕೀಳಾಗಿ ಕಾಣುವ ಪೀಣ್ಯದ ಟೂಲ್‌ರೂಮಿನ ಫಿಟ್ಟರ್ ಇವರಿಗಿಂತ ಮೇಲು. ಶೀಟು ಹರಿಯದಿದ್ದಾಗ ಅವನು ಮೊದಲು ಕೈಯಿಡುವುದು ರೇಡಿಯಸ್ಸಿಗೆ. ಕಲ್ಲು ಹಿಡಿದು ಅದನ್ನು ನುಣುಪು ಮಾಡುವಾಗ ಅವನು ತಿದ್ದುತ್ತಿರುವುದು ವರದಿ ಸ್ಥಿರವೆಂದ ಆ ಅಂಕಿಯನ್ನೇ. ಹಾಗೆಂದು ಕಂಪ್ಯೂಟರ್ ಬೇಡವೆನ್ನುವ ಹಳಬರ ಹಟಕ್ಕೂ ನಾನು ಹೂಂಗುಟ್ಟಲಾರೆ.

ಪರಿಹಾರ ಇಲ್ಲದೆ ಇಲ್ಲ. ಒತ್ತಡ, ವೇಗ, ಬಿಸಿಗೆ ತಕ್ಕಂತೆ ಘರ್ಷಣೆಯನ್ನು ಲೆಕ್ಕ ಹಾಕುವ ಸಾಫ್ಟ್‌ವೇರ್ ಮಾರುಕಟ್ಟೆಯಲ್ಲೇ ಇದೆ. ಆದರೆ ಅದು ಶೀಟಿನ, ಡೈನ ಒರಟುತನವನ್ನೂ ಎಣ್ಣೆಯ ಪ್ರಮಾಣವನ್ನೂ ಕೇಳುತ್ತದೆ. ಅಳೆಯುವ ಖರ್ಚು ಯಾರ ತಲೆಗೆ ಎಂಬಲ್ಲಿ ಮಾತು ನಿಲ್ಲುತ್ತದೆ. ಅಷ್ಟರತನಕ ವರದಿಗೆ ದುಡ್ಡು ಕೊಡುವವರು 0.15ರ ಜೊತೆಗೆ 0.12ಕ್ಕೂ 0.18ಕ್ಕೂ ಓಡಿಸಿದ ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿ ಎಂದು ಕೇಳಲಿ. ಮೂರರಲ್ಲೂ ಹಸಿರು ಉಳಿದರೆ ಡೈ ಕೆತ್ತಲು ಕೊಡಲಿ.